ರಕ್ತದ ಒತ್ತಡವೂ ದಿನದ ಮಾತ್ರೆಯೂ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣದ ಪಾಠ)



ಈ ವೇದಿಕೆಯ ಮೇಲಿಂದ ನೀವು ಕೂಲಿಯ ಮಾತು ಕೇಳಿದ್ದೀರಿ, ಬೋನಸ್ಸಿನ ಮಾತು ಕೇಳಿದ್ದೀರಿ, ತೆರಿಗೆಯ ಮಾತು ಕೇಳಿದ್ದೀರಿ. ಇಂದು ಒಂದು ಸಣ್ಣ ಮಾತ್ರೆಯ ಮಾತು ಕೇಳಬೇಕೆಂದು ನಿಮ್ಮ ಕಾರ್ಯದರ್ಶಿಗಳು ನನ್ನನ್ನು ಇಲ್ಲಿ ತಂದು ನಿಲ್ಲಿಸಿದ್ದಾರೆ. ಮಾತ್ರೆ ಶೇಂಗಾ ಬೀಜಕ್ಕಿಂತ ಸಣ್ಣದು. ಅದನ್ನು ಬಿಟ್ಟರೆ ಬರುವ ಆಪತ್ತು ಸಣ್ಣದಲ್ಲ. ಯಂತ್ರದ ಮುಂದೆ ನಿಂತು ಇಪ್ಪತ್ತು ವರ್ಷ ದುಡಿದ ಬಲಗೈ ಒಂದು ಬೆಳಗಿನ ಜಾವ ಎತ್ತಲು ಬಾರದೆ ಹೋದರೆ ಆ ಮನೆಗೆ ಕೂಲಿಯೂ ಇಲ್ಲ, ಬೋನಸ್ಸೂ ಇಲ್ಲ. ತಕ್ಕಡಿ ಹಿಡಿಯುವ ವ್ಯಾಪಾರಿಯ ನಾಲಿಗೆ ತೊದಲಿ ನಿಂತರೆ ಮರುದಿನ ಅಂಗಡಿಯ ಬಾಗಿಲು ತೆರೆಯುವವರು ಯಾರು? ಆದ್ದರಿಂದ ಇದೂ ನಿಮ್ಮ ಹೊಟ್ಟೆಪಾಡಿನ ಪ್ರಶ್ನೆಯೇ.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು. ರಕ್ತದೊತ್ತಡದ ಮಾತ್ರೆಯನ್ನು ಶುರುಮಾಡುವುದು, ಬದಲಾಯಿಸುವುದು, ನಿಲ್ಲಿಸುವುದು ಇವೆಲ್ಲ ಅಳತೆ ನೋಡಿ, ವೈದ್ಯರನ್ನು ಕೇಳಿ ಆಗಬೇಕು. ಮೈ ಹಗುರಾಗಿದೆ, ತಲೆನೋವು ಇಲ್ಲ ಎಂಬ ಕಾರಣಕ್ಕೆ ಆಗಬಾರದು. ಉಳಿದದ್ದೆಲ್ಲ ಈ ಮಾತಿನ ವಿವರ.

ಬಾಯ್ಲರಿಗೆ ಗೇಜು, ಮನುಷ್ಯನಿಗೆ ಪಟ್ಟಿ

ಬಾಯ್ಲರಿನ ಬಳಿ ಕೆಲಸ ಮಾಡಿದವರು ಇಲ್ಲಿದ್ದೀರಿ. ಬಾಯ್ಲರಿನ ಮೈ ಮುಟ್ಟಿ ಒಳಗಿನ ಒತ್ತಡ ಇಷ್ಟೇ ಎಂದು ಹೇಳಬಲ್ಲವರು ಯಾರಾದರೂ ಇದ್ದೀರಾ? ಇಲ್ಲ. ಗೇಜು ನೋಡಬೇಕು. ಒತ್ತಡ ಮಿತಿ ಮೀರಿದಾಗಲೂ ಬಾಯ್ಲರು ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ನಮ್ಮ ದೇಹವೂ ಹಾಗೆಯೇ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿದು ರಕ್ತವನ್ನು ನಾಳಗಳೊಳಕ್ಕೆ ತಳ್ಳುತ್ತದೆ. ತಳ್ಳುವಾಗ ನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನ ಅಂಕಿ. ಹೃದಯ ಎರಡು ಬಡಿತಗಳ ನಡುವೆ ಸಡಿಲಗೊಂಡಾಗ ಇರುವ ಒತ್ತಡ ಕೆಳಗಿನ ಅಂಕಿ. ಬೇರೆಬೇರೆ ದಿನ ಸರಿಯಾಗಿ ಅಳೆದಾಗಲೂ ಮೇಲಿನದು 140 ಅಥವಾ ಹೆಚ್ಚು, ಇಲ್ಲವೆ ಕೆಳಗಿನದು 90 ಅಥವಾ ಹೆಚ್ಚು ಬರುತ್ತಿದ್ದರೆ ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತೇವೆ.

ಇದಕ್ಕೆ ಸಾಮಾನ್ಯವಾಗಿ ನೋವಿಲ್ಲ, ಜ್ವರವಿಲ್ಲ, ಗಾಯವಿಲ್ಲ. ‘ನನಗೆ ಬಿ.ಪಿ. ಏರಿದರೆ ಗೊತ್ತಾಗುತ್ತದೆ ಡಾಕ್ಟರೆ, ಕಣ್ಣು ಉರಿಯುತ್ತದೆ’ ಎನ್ನುವವರು ಬಹಳ ಜನ. ಕಣ್ಣುರಿಗೆ ನೂರು ಕಾರಣಗಳುಂಟು. ಕಣ್ಣು ತಂಪಾಗಿದ್ದಾಗಲೂ 180 ಇರುವವರನ್ನು ವೈದ್ಯರು ದಿನವೂ ನೋಡುತ್ತಾರೆ. ನೋವಿಲ್ಲದೆ ಕಳೆದ ವರ್ಷಗಳಲ್ಲಿ ಒಳಗೆ ನಾಳದ ಗೋಡೆ ಗಡುಸಾಗುತ್ತದೆ, ಹೃದಯದ ಸ್ನಾಯು ದಪ್ಪಗಾಗುತ್ತದೆ, ಮೂತ್ರಪಿಂಡ ಸವೆಯುತ್ತದೆ. ಕೊನೆಗೆ ಒಂದು ದಿನ ಮಿದುಳಿನ ನಾಳ ಒಡೆದರೆ ಅಥವಾ ಮುಚ್ಚಿದರೆ ಲಕ್ವ ಹೊಡೆಯಿತು ಎನ್ನುತ್ತೇವೆ. ನಮ್ಮ ಕಣ್ಣಿಗೆ ಅದು ಆ ದಿನ ಬಂದ ರೋಗ. ನಿಜವಾಗಿ ಅದು ಹತ್ತು ಹದಿನೈದು ವರ್ಷದ ಬಾಕಿ.

ಅಧ್ಯಕ್ಷನಿಗಿಲ್ಲದ ಮಾತ್ರೆ

ಈ ಮಾತ್ರೆಯ ಬೆಲೆ ತಿಳಿಯಬೇಕಾದರೆ ಅದು ಇಲ್ಲದ ಕಾಲವನ್ನು ನೆನೆಯಬೇಕು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡನೆಯ ಮಹಾಯುದ್ಧದಲ್ಲಿ ಲೋಕದ ಅತ್ಯಂತ ಬಲಶಾಲಿಗಳಲ್ಲಿ ಒಬ್ಬರು. 1944ರ ಮಾರ್ಚಿನಲ್ಲಿ ಪರೀಕ್ಷಿಸಿದಾಗ ಅವರ ಒತ್ತಡ 186ಕ್ಕೆ 108. ಹೃದಯ ಆಗಲೇ ಸೋಲತೊಡಗಿತ್ತು. ವಿಶ್ರಾಂತಿ ಪಡೆಯಿರಿ, ಉಪ್ಪು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು. ಹೃದಯಕ್ಕೆ ಬಲ ಕೊಡುವ ಔಷಧವನ್ನೂ ಕೊಟ್ಟರು. ಒತ್ತಡವನ್ನೇ ಸುರಕ್ಷಿತವಾಗಿ ಇಳಿಸುವ ಮಾತ್ರೆ ಅವರ ಚೀಲದಲ್ಲಿ ಇರಲಿಲ್ಲ, ಏಕೆಂದರೆ ಅದು ಲೋಕದಲ್ಲೇ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಅವರು ತೀರಿಕೊಂಡರು. ಆ ದಿನ ಅಳೆದ ಒತ್ತಡ 300ಕ್ಕೆ 190. ವಯಸ್ಸು 63.

ಆಮೇಲೆ ಬಂದ ಔಷಧಗಳಲ್ಲಿ ಒಂದು ನಮ್ಮ ನೆಲದ ಬೇರಿನಿಂದಲೇ ಬಂತು. ಸರ್ಪಗಂಧಿಯ ಬೇರು ಒತ್ತಡ ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳಿಗೆ ಕೊಟ್ಟು ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಲೋಕ ಕಣ್ಣು ತೆರೆಯಿತು. 1952ರಲ್ಲಿ ಆ ಬೇರಿನ ಸಾರವಾದ ರೆಸರ್ಪಿನ್ ಅನ್ನು ಬೇರ್ಪಡಿಸಿದರು. ಇದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಹೆಮ್ಮೆಯಿಂದ ಬೇರನ್ನು ತಂದು ಮನೆಯಲ್ಲಿ ಅರೆದು ಕುಡಿಯಬಾರದು. ಒಂದು ಬೇರಿನಲ್ಲಿ ಸಾರ ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಪ್ರಮಾಣ ಮೀರಿದರೆ ಮನಸ್ಸು ಕುಗ್ಗಿ ಬದುಕೇ ಬೇಡವೆನ್ನಿಸುವ ಸ್ಥಿತಿಗೂ ಅದು ತಳ್ಳಬಲ್ಲದು. ಅದಕ್ಕಿಂತ ಒಳ್ಳೆಯ ಮಾತ್ರೆಗಳು ಬಂದದ್ದರಿಂದ ರೆಸರ್ಪಿನ್ ಬಳಕೆ ಬಹಳ ಕಡಿಮೆಯಾಗಿದೆ.

ಮಾತ್ರೆಯಿಂದ ಪ್ರಾಣ ಉಳಿಯುತ್ತದೆಯೇ ಎಂಬುದಕ್ಕೆ ಗಟ್ಟಿ ಸಾಕ್ಷ್ಯ 1967ರಲ್ಲಿ ಬಂತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೆಳಗಿನ ಒತ್ತಡ 115ರಿಂದ 129ರವರೆಗೆ ಇದ್ದ 143 ಮಂದಿಯನ್ನು ಎರಡು ಪಂಗಡ ಮಾಡಿದರು. 73 ಮಂದಿಗೆ ನಿಜವಾದ ಮಾತ್ರೆ, 70 ಮಂದಿಗೆ ಔಷಧವಿಲ್ಲದ ಬರಿಯ ಮಾತ್ರೆ. ಬರಿಯ ಮಾತ್ರೆ ನುಂಗಿದವರಲ್ಲಿ 27 ಮಂದಿಗೆ ಗಂಡಾಂತರ ಬಂತು. ನಿಜವಾದ ಮಾತ್ರೆಯವರಲ್ಲಿ ಇಬ್ಬರಿಗೆ. ಇಪ್ಪತ್ತೇಳು ಎಲ್ಲಿ, ಎರಡು ಎಲ್ಲಿ! ರೂಸ್‌ವೆಲ್ಟರಿಗೆ ಸಿಗದಿದ್ದದ್ದು ಇಂದು ಈ ಊರಿನ ಹಮಾಲಿಗೂ ಸಿಗುತ್ತದೆ. ಹೀಗಿದ್ದೂ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ವರದಿಯ ಪ್ರಕಾರ ಲೋಕದಲ್ಲಿ ಈ ರೋಗವಿರುವ ಐವರಲ್ಲಿ ನಾಲ್ವರಿಗೆ ಸಾಕಷ್ಟು ಚಿಕಿತ್ಸೆ ಆಗುತ್ತಿಲ್ಲ.

ದಿನಗೂಲಿಯ ಲೆಕ್ಕ

ಹಾಗಾದರೆ ಮಾತ್ರೆ ಕೈಗೆ ಬಂದ ಮೇಲೂ ಜನ ಏಕೆ ಬಿಡುತ್ತಾರೆ? ಮೂರು ತಿಂಗಳು ನುಂಗುತ್ತಾರೆ. ಅಳೆಸಿದಾಗ 128ಕ್ಕೆ 80 ಬರುತ್ತದೆ. ‘ವಾಸಿಯಾಯಿತು’ ಎಂದು ನಿಲ್ಲಿಸುತ್ತಾರೆ. ಇಲ್ಲೇ ಲೆಕ್ಕ ತಪ್ಪುವುದು. ಆ 128 ನಿಮ್ಮ ದೇಹದ ಅಂಕಿಯಲ್ಲ, ಮಾತ್ರೆ ತಂದುಕೊಟ್ಟ ಅಂಕಿ. ದಿನಗೂಲಿಯವನು ನಿನ್ನೆ ದುಡಿದದ್ದು ನಿನ್ನೆಯ ಗಂಜಿಗೆ. ಈ ಮಾತ್ರೆಗಳೂ ಹೆಚ್ಚಿನವು ಒಂದು ದಿನ ದುಡಿಯುವಂಥವು. ಇಂದು ಕೆಲಸಕ್ಕೆ ಕರೆಯದಿದ್ದರೆ ನಾಳೆಯೋ ನಾಡಿದ್ದೋ ಒತ್ತಡ ತನ್ನ ಹಳೆಯ ಜಾಗಕ್ಕೆ ಮೆಲ್ಲನೆ ಏರುತ್ತದೆ. ಏರಿದ್ದು ನಿಮಗೆ ತಿಳಿಯುವುದಿಲ್ಲ.

‘ಒಮ್ಮೆ ಹಿಡಿದರೆ ಬಿಡಿಸಲಾಗದ ಚಟವಂತೆ’ ಎಂಬ ಮಾತೂ ಉಂಟು. ಚಟ ಬೀಡಿಯದು, ಅದನ್ನು ಬಿಟ್ಟರೆ ಮೈಗೆ ಲಾಭ. ಮಾತ್ರೆಯನ್ನು ಬಿಡಲಾಗದಿರುವುದು ರೋಗ ದೀರ್ಘಕಾಲದ್ದಾದ್ದರಿಂದ. ಕನ್ನಡಕ ತೆಗೆದರೆ ಅಕ್ಷರ ಮಸುಕಾಗುತ್ತದೆ ಎಂದು ಕನ್ನಡಕವನ್ನು ಚಟ ಎನ್ನುತ್ತೇವೆಯೇ? ತೂಕ ಇಳಿಸಿ, ಉಪ್ಪು ತಗ್ಗಿಸಿ, ಹೆಂಡ ಬಿಟ್ಟವರಿಗೆ ಮಾತ್ರೆಯ ಪ್ರಮಾಣ ಇಳಿಸಲು ಸಾಧ್ಯವಾಗುವುದುಂಟು. ಆ ಇಳಿಸುವಿಕೆಯನ್ನು ವೈದ್ಯರು ಅಳತೆ ನೋಡುತ್ತ ಹಂತಹಂತವಾಗಿ ಮಾಡುತ್ತಾರೆ.

ಕೆಲವು ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವುದು ನೇರ ಅಪಾಯ. ಅಟೆನೊಲಾಲ್, ಮೆಟೊಪ್ರೊಲಾಲ್ ಎಂಬ ಜಾತಿಯವನ್ನು ಹಠಾತ್ತಾಗಿ ಬಿಟ್ಟರೆ ಎದೆನೋವು, ಹೃದಯಾಘಾತ ಬರಬಹುದು. ಕ್ಲೋನಿಡಿನ್ ಬಿಟ್ಟರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ನೆಗೆಯಬಹುದು. ಆದ್ದರಿಂದ ಬಟವಾಡೆ ತಡವಾಯಿತೆಂದು, ಹಬ್ಬಕ್ಕೆ ಊರಿಗೆ ಹೋದೆನೆಂದು, ಉಪವಾಸವಿದೆಯೆಂದು ಮಾತ್ರೆಗೆ ರಜೆ ಕೊಡಬೇಡಿ. ಎಂಟು ದಿನದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತನ್ನಿ. ಅಂಗಡಿಯಲ್ಲಿ ಅಕ್ಕಿ ಮುಗಿದ ಮೇಲೆ ಮಂಡಿಗೆ ಹೋಗುವ ವ್ಯಾಪಾರಿ ಇದ್ದಾನೆಯೇ?

ಪಾಳಿಯವರಿಗೆ ಯಾವ ಹೊತ್ತು?

ರಾತ್ರಿ ಪಾಳಿಯ ಗೆಳೆಯರು ಕೇಳುತ್ತಾರೆ: ಬೆಳಿಗ್ಗೆ ನುಂಗಬೇಕೆ, ರಾತ್ರಿ ನುಂಗಬೇಕೆ? ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಂಡು ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಬೆಳಿಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಲಕ್ವಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮುಖ್ಯವಾದದ್ದು ಗಡಿಯಾರದ ಯಾವ ಹೊತ್ತು ಎಂಬುದಲ್ಲ, ತಪ್ಪದೆ ಇರುವುದು. ಪಾಳಿ ಬದಲಾದರೂ ಬದಲಾಗದ ಹೊತ್ತೊಂದನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ. ಹೆಚ್ಚು ಮೂತ್ರ ಹೋಗಿಸುವ ಮಾತ್ರೆಯಾದರೆ ಮಲಗುವ ಮುಂಚೆ ಬೇಡ, ನಿದ್ದೆ ಕೆಡುತ್ತದೆ.

ಮರೆತರೆ ಏನು ಮಾಡಬೇಕು? ದಿನಕ್ಕೊಂದು ಮಾತ್ರೆಯವರು ಅದೇ ದಿನ ನೆನಪಾದರೆ ಆಗಲೇ ನುಂಗಿ. ಮಾರನೆಯ ಮಾತ್ರೆಯ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಬಾಕಿ ತೀರಿಸಲು ಒಂದಕ್ಕೆರಡು ನುಂಗಬಾರದು. ಇದು ಉದ್ರಿ ಖಾತೆಯಲ್ಲ, ಕೂಡಿಸಿ ಕಟ್ಟಲು. ಹಾಗೆಯೇ ಒಂದು ದಿನ ಅಂಕಿ ಹೆಚ್ಚು ಬಂತೆಂದು ಗಾಬರಿಯಿಂದ ಹೆಚ್ಚಿನ ಮಾತ್ರೆ ನುಂಗುವುದು, ನಿಫೆಡಿಪಿನ್ ಗುಳಿಗೆಯನ್ನು ಕಚ್ಚಿ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು ಅಪಾಯ. ಒತ್ತಡ ಒಮ್ಮೆಲೇ ಕುಸಿದರೆ ಮಿದುಳಿಗೂ ಹೃದಯಕ್ಕೂ ರಕ್ತ ಸಾಲದೆ ಅದರಿಂದಲೇ ಲಕ್ವ ಆಗಬಹುದು.

ತೊಂದರೆ ಕೊಟ್ಟರೆ ಬಾಯಿಬಿಟ್ಟು ಹೇಳಿ

ತೊಂದರೆಯೇ ಕೊಡದ ಔಷಧವಿಲ್ಲ. ಅಮ್ಲೊಡಿಪಿನ್‌ನಿಂದ ಕೆಲವರಿಗೆ ಕಾಲಿನ ಹರಡು ಬಾತುಕೊಳ್ಳುತ್ತದೆ. ಎನಲಾಪ್ರಿಲ್, ರಾಮಿಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಹತ್ತುತ್ತದೆ. ಹತ್ತಿಯ ಧೂಳಿನಲ್ಲಿ ಕೆಲಸ ಮಾಡುವವರು ಅದನ್ನು ಧೂಳಿನ ಕೆಮ್ಮೆಂದೇ ತಿಳಿಯುತ್ತಾರೆ. ಮಾತ್ರೆ ಶುರುವಾದ ಮೇಲೆ ಬಂದ ಕೆಮ್ಮಾದರೆ ವೈದ್ಯರಿಗೆ ಹೇಳಿ. ಉಬ್ಬಸ ಇರುವವರು ಅದನ್ನು ಮೊದಲೇ ತಿಳಿಸಬೇಕು, ಏಕೆಂದರೆ ಅಟೆನೊಲಾಲ್ ಜಾತಿಯ ಮಾತ್ರೆ ಅವರ ಉಸಿರನ್ನು ಬಿಗಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ತೀರ ಇಳಿದಾಗ ಆಗುವ ಎದೆಬಡಿತವನ್ನು ಅದೇ ಮಾತ್ರೆ ಮರೆಮಾಡಬಹುದು. ಮೂತ್ರ ಹೋಗಿಸುವ ಮಾತ್ರೆಯವರು ಮಂಡಕ್ಕಿ ಭಟ್ಟಿಯ ಮುಂದೆ, ಬಾಯ್ಲರಿನ ಮುಂದೆ ಬೆವರು ಸುರಿಸಿದರೆ ತಲೆಸುತ್ತು ಬರಬಹುದು. ಹಾಸಿಗೆಯಿಂದಲೂ ಕುರ್ಚಿಯಿಂದಲೂ ನಿಧಾನವಾಗಿ ಏಳಬೇಕು. ಇವಕ್ಕೆಲ್ಲ ಪರಿಹಾರವುಂಟು. ಪ್ರಮಾಣ ಇಳಿಸಬಹುದು, ಬೇರೆ ಜಾತಿಯ ಮಾತ್ರೆಗೆ ಬದಲಾಯಿಸಬಹುದು. ಹೇಳದೆ ಬಿಟ್ಟವನಿಗೆ ಮಾತ್ರ ಪರಿಹಾರವಿಲ್ಲ.

ಮೂರು ಸಂದರ್ಭಗಳಲ್ಲಿ ಮುಂದಿನ ಭೇಟಿಯ ತನಕ ಕಾಯಬಾರದು. ತುಟಿ, ನಾಲಿಗೆ, ಮುಖ ಊದಿಕೊಂಡರೆ ಮಾತ್ರೆ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ವಾಂತಿ ಭೇದಿಯಾಗಿ ನೀರು ಬತ್ತಿದಾಗ ಯಾವ ಮಾತ್ರೆಯನ್ನು ತಾತ್ಕಾಲಿಕವಾಗಿ ತಡೆಯಬೇಕೆಂದು ಆ ದಿನವೇ ಕೇಳಬೇಕು. ಕೆಲವು ಮಾತ್ರೆಗಳು ಅಂಥ ಹೊತ್ತಿನಲ್ಲಿ ಮೂತ್ರಪಿಂಡಕ್ಕೆ ಏಟು ಕೊಡುತ್ತವೆ. ತಾಯಂದಿರೆ, ಬಸಿರೆಂದು ತಿಳಿದ ಕೂಡಲೆ, ಬಸಿರಾಗಬೇಕೆಂದಿದ್ದರೆ ಅದಕ್ಕೂ ಮೊದಲೇ, ವೈದ್ಯರನ್ನು ಕಾಣಿ. ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು ಮಾಡುತ್ತವೆ. ಬಸುರಿಯರಿಗೆ ಕೊಡಬಹುದಾದ ಬೇರೆ ಮಾತ್ರೆಗಳಿವೆ.

ಕೂಡದ ಜೊತೆಗಳು

ದಿನವೆಲ್ಲ ನಿಂತು ದುಡಿದವರಿಗೆ ಮೊಣಕಾಲು ನೋವು, ಸೊಂಟ ನೋವು. ದಾರಿಯಲ್ಲಿ ಔಷಧದಂಗಡಿಗೆ ಹೋಗಿ ‘ನೋವಿಗೊಂದು ಕೊಡಿ’ ಎನ್ನುತ್ತೇವೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪು ನೀರು ನಿಲ್ಲಿಸಿ ಒತ್ತಡವನ್ನು ಏರಿಸುತ್ತವೆ, ನಿಮ್ಮ ಬಿ.ಪಿ. ಮಾತ್ರೆಯ ಕೆಲಸವನ್ನು ಕೆಡಿಸುತ್ತವೆ. ಟೆಲ್ಮಿಸಾರ್ಟಾನ್ ಅಥವಾ ಎನಲಾಪ್ರಿಲ್ ಒಂದು, ಮೂತ್ರ ಹೋಗಿಸುವ ಮಾತ್ರೆ ಒಂದು, ಅವುಗಳ ಮೇಲೆ ಈ ನೋವಿನ ಮಾತ್ರೆ: ಈ ಮೂರೂ ಕೂಡಿದರೆ ಮೂತ್ರಪಿಂಡ ಕೈಕೊಡಬಹುದು. ಆದ್ದರಿಂದ ಅಂಗಡಿಯವರಿಗೆ ಮೊದಲು ಹೇಳಬೇಕಾದ ಮಾತು: ‘ನಾನು ಬಿ.ಪಿ. ಮಾತ್ರೆ ನುಂಗುವವನು.’

ಮೂಗು ಕಟ್ಟಿದ್ದಕ್ಕೆ ಕೊಡುವ ಹಲವು ನೆಗಡಿ ಮಾತ್ರೆಗಳೂ ನಾಳವನ್ನು ಬಿಗಿದು ಒತ್ತಡ ಏರಿಸುತ್ತವೆ. ಹೊಟ್ಟೆಯುಬ್ಬರಕ್ಕೆ ನೀರಿಗೆ ಹಾಕಿ ಕುಡಿಯುವ ನೊರೆಬರುವ ಪುಡಿಯಲ್ಲಿ ಸೋಡಾ ಇದೆ. ಉಪ್ಪಿನಲ್ಲಿ ಕೆಡುಕು ಮಾಡುವ ಸೋಡಿಯಂ ಅದರಲ್ಲೂ ಇದೆ. ಗಂಟಲಿಗೆ ಒಳ್ಳೆಯದೆಂದು ತಿಂಗಳುಗಟ್ಟಲೆ ಜ್ಯೇಷ್ಠಮಧು ಅಗಿಯುವವರು ಎಚ್ಚರವಾಗಿರಬೇಕು. ಅದು ಒತ್ತಡವನ್ನು ಏರಿಸಿ ರಕ್ತದ ಪೊಟಾಸಿಯಂ ಅನ್ನು ಇಳಿಸುತ್ತದೆ. ‘ಬಿ.ಪಿ. ಇರುವವರ ಉಪ್ಪು’ ಎಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟಾಸಿಯಂ ಹೆಚ್ಚು. ಅದು ಹಲವರಿಗೆ ಒಳ್ಳೆಯದೇ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟಾನ್, ಎನಲಾಪ್ರಿಲ್ ಜಾತಿಯ ಮಾತ್ರೆಯವರು ಕೇಳದೆ ಬಳಸಬಾರದು. ರಕ್ತದಲ್ಲಿ ಪೊಟಾಸಿಯಂ ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಆ ಮಾತ್ರೆಗಳನ್ನು ಶುರುಮಾಡಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಎಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳುತ್ತೇನೆ: ಎದೆನೋವಿಗೆ ನೈಟ್ರೇಟ್ ಮಾತ್ರೆ ಬಳಸುವ ಗಂಡಸರು ಗುಟ್ಟಾಗಿ ‘ಶಕ್ತಿಯ ಮಾತ್ರೆ’ ನುಂಗಿದರೆ ಒತ್ತಡ ಪಾತಾಳಕ್ಕಿಳಿದು ಪ್ರಾಣ ಹೋಗಬಹುದು.

ಚೀಟಿ, ಹೆಸರು, ಬೆಲೆ

ಪಕ್ಕದ ಮನೆಯವರಿಗೂ ಬಿ.ಪಿ., ನಮಗೂ ಬಿ.ಪಿ., ಅವರ ಮಾತ್ರೆಯನ್ನೇ ತರೋಣ ಎನ್ನುವುದು ಒಂದು ಪದ್ಧತಿ. ಅವರ ಚಪ್ಪಲಿ ನಿಮ್ಮ ಕಾಲಿಗೆ ಆಗುವುದಿಲ್ಲ; ಮಾತ್ರೆ ಹೇಗೆ ಆದೀತು? ವಯಸ್ಸು, ಸಕ್ಕರೆ, ಮೂತ್ರಪಿಂಡ, ಹೃದಯ, ಉಬ್ಬಸ ಇವನ್ನೆಲ್ಲ ನೋಡಿ ಬರೆದದ್ದು ಚೀಟಿ.

ಮಾತ್ರೆಯ ಪಟ್ಟಿಯ ಮೇಲೆ ಎರಡು ಹೆಸರುಗಳಿರುತ್ತವೆ. ಕಂಪೆನಿ ಇಟ್ಟ ಹೆಸರು ದಪ್ಪಕ್ಷರದಲ್ಲಿ, ಔಷಧದ ನಿಜವಾದ ಹೆಸರು ಸಣ್ಣಕ್ಷರದಲ್ಲಿ. ಓದಬೇಕಾದದ್ದು ಸಣ್ಣಕ್ಷರವನ್ನೇ. ಒಬ್ಬ ವೈದ್ಯರು ಒಂದು ಕಂಪೆನಿಯ ಟೆಲ್ಮಿಸಾರ್ಟಾನ್ ಬರೆದಿರುತ್ತಾರೆ. ಬೇರೆ ಊರಿನ ವೈದ್ಯರು ಇನ್ನೊಂದು ಕಂಪೆನಿಯ ಟೆಲ್ಮಿಸಾರ್ಟಾನ್ ಬರೆಯುತ್ತಾರೆ. ಎರಡೂ ಬೇರೆ ಎಂದು ತಿಳಿದು ಎರಡನ್ನೂ ನುಂಗಿದರೆ ಪ್ರಮಾಣ ಎರಡರಷ್ಟಾಯಿತು. ಹೆಸರಿನ ಹಿಂದೆ ಅಂಟಿಸಿದ ‘ಎ.ಎಂ.’, ‘ಎಚ್’ ಮುಂತಾದ ಬಾಲಗಳನ್ನೂ ಗಮನಿಸಿ. ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧ ಸೇರಿವೆಯೆಂಬ ಗುರುತು ಅದು. ಯಾವ ವೈದ್ಯರ ಬಳಿ ಹೋದರೂ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಹತ್ತರ ಪಟ್ಟಿಯನ್ನು ಕತ್ತರಿಸಿ ಐದು ಕೊಂಡರೆ ಹೆಸರೂ ಅವಧಿಯ ತಾರೀಖೂ ಇರುವ ತುಂಡನ್ನೇ ಕೇಳಿ ಪಡೆಯಿರಿ.

ಬೆಲೆಯ ಮಾತು. ಅಮ್ಲೊಡಿಪಿನ್, ಎನಲಾಪ್ರಿಲ್, ಟೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಜೈಡ್ ಇವು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಜನೌಷಧಿ ಅಂಗಡಿಗಳಲ್ಲಿ ಔಷಧದ ನಿಜವಾದ ಹೆಸರಿನಲ್ಲೇ ಕಡಿಮೆ ಬೆಲೆಗೆ ಸಿಗುತ್ತವೆ. ದುಬಾರಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದಕ್ಕಿಂತ ಅದೇ ಔಷಧದ ಅಗ್ಗದ ಮಾತ್ರೆಯನ್ನು ದಿನವೂ ನುಂಗುವುದು ಎಷ್ಟೋ ಮೇಲು. ‘ಇದು ನನ್ನ ಕೈಗೆ ಎಟುಕುವುದಿಲ್ಲ, ಅಗ್ಗದ್ದು ಬರೆಯಿರಿ’ ಎಂದು ವೈದ್ಯರಿಗೆ ಹೇಳಲು ನಾಚಬೇಡಿ.

ಗಿರಣಿಯ ಗೆಳೆಯರಿಗೆ ಇ.ಎಸ್.ಐ. ಇದೆ. 1948ರ ಕಾನೂನಿನಿಂದ ಹುಟ್ಟಿದ್ದು ಅದು; 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಯೋಜನೆ ಆರಂಭವಾಯಿತು. 2019ರ ಜುಲೈಯಲ್ಲಿ ಗೊತ್ತುಮಾಡಿದ ದರದಂತೆ ಕೂಲಿಯ ನೂರು ರೂಪಾಯಿಗೆ ಕೆಲಸಗಾರನಿಂದ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ಅದಕ್ಕೆ ಸಲ್ಲುತ್ತದೆ. ಅಲ್ಲಿ ಸಿಗುವ ಮಾತ್ರೆ ಧರ್ಮದ ಮಾತ್ರೆಯಲ್ಲ, ನಿಮ್ಮ ಹಣದ ಮಾತ್ರೆ. ಇ.ಎಸ್.ಐ. ಇಲ್ಲದ ವ್ಯಾಪಾರಿಗಳಿಗೆ, ಹಮಾಲರಿಗೆ ಸರಕಾರಿ ಆರೋಗ್ಯ ಕೇಂದ್ರಗಳಿವೆ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಬಿ.ಪಿ. ಸಕ್ಕರೆಗಳ ವಿಭಾಗವಿದೆ, ಪಟ್ಟಣಗಳಲ್ಲಿ 2022ರಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳಿವೆ.

ಅಳತೆಯ ಕಿರ್ದಿ

ಅಳತೆಯೇ ತಪ್ಪಾದರೆ ಮಾತ್ರೆಯೂ ತಪ್ಪುತ್ತದೆ. ಅಳೆಸುವ ಮುಂಚೆ ಅರ್ಧ ಗಂಟೆ ಬೀಡಿ, ಚಹಾ, ಕಾಫಿ ಬೇಡ. ಮೂತ್ರಕ್ಕೆ ಹೋಗಿಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಬಾರದು. ಬರಿಯ ತೋಳಿಗೆ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಬೇಕು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಸಿ. ಪಾಳಿ ಮುಗಿಸಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕೊಟ್ಟ ತೋಳಿನ ಅಂಕಿಯನ್ನು ನಂಬಬೇಡಿ.

ವ್ಯಾಪಾರಿಗೆ ಕಿರ್ದಿ ಇರುವಂತೆ ಪ್ರತಿಯೊಬ್ಬ ಬಿ.ಪಿ. ರೋಗಿಗೂ ಒಂದು ಪುಸ್ತಕ ಇರಲಿ. ತಾರೀಖು, ಹೊತ್ತು, ಎರಡು ಅಂಕಿ, ಮಾತ್ರೆಯ ಹೆಸರು, ತಪ್ಪಿದ ದಿನ. ಓದು ಬಾರದವರಿಗೆ ಶಾಲೆಗೆ ಹೋಗುವ ಮಗಳು ಬರೆದುಕೊಡಲಿ. ಗುರಿ ಸಾಮಾನ್ಯವಾಗಿ 140ಕ್ಕೆ 90ರ ಒಳಗೆ. ಹಲವರಿಗೆ ವೈದ್ಯರು 130ಕ್ಕೆ 80ರ ಒಳಗೆ ಎಂದು ಹೇಳುತ್ತಾರೆ. ನಿಮ್ಮ ಗುರಿ ಎಷ್ಟೆಂದು ಕೇಳಿ ಪುಸ್ತಕದ ಮೊದಲ ಹಾಳೆಯಲ್ಲೇ ಬರೆಯಿಸಿ.

ಮಾತ್ರೆಗೆ ನೀವೂ ಕೈಜೋಡಿಸಬೇಕು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇವೆಲ್ಲ ಆ ಚಮಚದ ಲೆಕ್ಕಕ್ಕೇ ಸೇರಬೇಕು. ಬೀಡಿ ಸಿಗರೇಟು ನಾಳವನ್ನು ಇನ್ನೊಂದು ಕಡೆಯಿಂದ ಕೆಡಿಸುತ್ತದೆ. ಮಾತ್ರೆ ನುಂಗಿ ಬೀಡಿ ಹಚ್ಚುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಇಷ್ಟೆಲ್ಲ ಎಚ್ಚರದ ಮೇಲೂ ಆಪತ್ತು ಬಂದರೆ? ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ, ಎದೆ ಹಿಂಡಿದರೆ 108ಕ್ಕೆ ಫೋನು ಮಾಡಿ. ಲಕ್ವದ ಗುರುತು ಕಂಡವರ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ. ಅದು ಉಸಿರಿನ ದಾರಿಗೆ ಇಳಿಯಬಹುದು. ಶುರುವಾದ ಹೊತ್ತನ್ನು ಗುರುತು ಹಾಕಿಕೊಳ್ಳಿ. ಮುಚ್ಚಿದ ನಾಳದ ಲಕ್ವದಲ್ಲಿ ಹೆಪ್ಪು ಕರಗಿಸುವ ಔಷಧ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಉಪಯೋಗ. ಬೆಳಗಾಗಲಿ ನೋಡೋಣ ಎಂದರೆ ಕಾಲ ಮೀರಿಹೋಗುತ್ತದೆ.

ಕೇಳಬೇಕಾದ ಹಕ್ಕು

ಸಂಗಾತಿಗಳೆ, ತಪ್ಪದೆ ನುಂಗಿರಿ ಎಂದು ರೋಗಿಗೆ ಉಪದೇಶ ಮಾಡುವುದು ಸುಲಭ. ಆದರೆ ವಾರಕ್ಕೊಮ್ಮೆ ಮಾತ್ರೆ ತರಲು ಅರ್ಧ ದಿನದ ಕೂಲಿ ಕಳೆದುಕೊಳ್ಳಬೇಕಾದರೆ, ಹೋದ ದಿನ ‘ದಾಸ್ತಾನು ಮುಗಿದಿದೆ’ ಎಂಬ ಉತ್ತರ ಸಿಕ್ಕರೆ, ಆ ಉಪದೇಶಕ್ಕೆ ಏನು ಬೆಲೆ? ಬಿಟ್ಟುಹೋದ ಮಾತ್ರೆಗಳಲ್ಲಿ ಕೆಲವು ಮರೆವಿನಿಂದ ಬಿಟ್ಟವು, ಕೆಲವು ಭ್ರಮೆಯಿಂದ ಬಿಟ್ಟವು, ಕೆಲವು ಮಾತ್ರ ಕಿಸೆ ಬರಿದಾಗಿ ಬಿಟ್ಟವು. ಮೊದಲ ಎರಡಕ್ಕೆ ನಾನು ಈಗ ಹೇಳಿದ್ದು ಔಷಧ. ಮೂರನೆಯದಕ್ಕೆ ನಿಮ್ಮ ಸಂಘಟನೆಯೇ ಔಷಧ.

ಒತ್ತಡ ಹತೋಟಿಗೆ ಬಂದವರಿಗೆ ಒಮ್ಮೆಗೆ 30 ದಿನದ ಮಾತ್ರೆ ಕೊಡಿ ಎಂದು ಕೇಳಿ. 2017ರಲ್ಲಿ ಆರಂಭವಾದ ಭಾರತದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮವೂ ಹಿಡಿದ ದಾರಿ ಇದೇ: ಎಲ್ಲರಿಗೂ ತಿಳಿಯುವ ಸರಳ ಚಿಕಿತ್ಸಾಕ್ರಮ, ಮನೆಯ ಹತ್ತಿರದ ಕೇಂದ್ರದಲ್ಲಿ ತಿಂಗಳ ಮಾತ್ರೆ, ಪ್ರತಿ ರೋಗಿಯ ಅಳತೆಯ ದಾಖಲೆ. ಪಾಳಿ ಮುಗಿದ ಮೇಲೂ ತೆರೆದಿರುವ ಔಷಧಾಲಯವನ್ನು ಕೇಳಿ. ಗಿರಣಿಯ ಬಾಗಿಲಲ್ಲಿ, ಮಾರುಕಟ್ಟೆಯ ನಡುವೆ ಅಳೆಯುವ ಯಂತ್ರವೊಂದನ್ನು, ಅದನ್ನು ಬಳಸಲು ಬಲ್ಲ ಕೈಯೊಂದನ್ನು ಕೇಳಿ.

ಸಭೆ ಮುಗಿದ ಮೇಲೆ ಆ ಮೂಲೆಯ ಮೇಜಿನ ಬಳಿ ಇಬ್ಬರು ದಾದಿಯರು ಪಟ್ಟಿ ಹಿಡಿದು ಕುಳಿತಿರುತ್ತಾರೆ. ಬಿ.ಪಿ. ಇಲ್ಲವೆಂದು ಖಂಡಿತವಾಗಿ ನಂಬಿರುವವರು ಮೊದಲು ಹೋಗಿ ತೋಳು ಕೊಡಿ. ಮಾತ್ರೆ ಬಿಟ್ಟವರು ಇದ್ದರೆ ನಾಚಿಕೊಳ್ಳದೆ ನನ್ನ ಬಳಿ ಬನ್ನಿ. ಏಕೆ ಬಿಟ್ಟಿರಿ ಎಂದು ಗದರಿಸುವುದಿಲ್ಲ, ಮತ್ತೆ ಹೇಗೆ ಹಿಡಿಯುವುದೆಂದು ಕುಳಿತು ಮಾತಾಡೋಣ.